ಎರಡು ವರ್ಷದ ಕಾಫಿ ದುಡ್ಡು: ಸೈಟಾ, ಸಾಲವಾ, ಎಸ್‌ಐಪಿಯಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು. ನನಗೆ 43 ವರ್ಷ. ಒಂಬತ್ತು ಎಕರೆ ತೋಟ ಇದೆ, ಹೆಚ್ಚಿನದು ರೋಬಸ್ಟಾ, ಮರಗಳಿಗೆ ಮೆಣಸು ಹಬ್ಬಿಸಿದ್ದೇವೆ. ಪೇಟೆಯಲ್ಲಿ ಗೊಬ್ಬರ, ಔಷಧಿ, ಹಾರ್ಡ್‌ವೇರ್ ಅಂಗಡಿ. ಅದರಲ್ಲಿ ತಿಂಗಳಿಗೆ ಸುಮಾರು 40 ಸಾವಿರ ಉಳಿಯುತ್ತದೆ. ಮನೆ ಖರ್ಚು 45 ಸಾವಿರ, ತೋಟದ ಖರ್ಚು ವರ್ಷಕ್ಕೆ 7 ಲಕ್ಷ. ಎರಡು ವರ್ಷದಿಂದ ಕಾಫಿಗೆ ಒಳ್ಳೆ ಬೆಲೆ ಸಿಕ್ಕಿ ಕೈಯಲ್ಲಿ 40 ಲಕ್ಷ ಇದೆ. 28 ಲಕ್ಷ ಬ್ಯಾಂಕಿನ ಎಸ್‌ಬಿ ಖಾತೆಯಲ್ಲಿ, 12 ಲಕ್ಷ ಒಂದು ಸೌಹಾರ್ದ ಸಹಕಾರಿಯಲ್ಲಿ ಎರಡು ಠೇವಣಿಯಾಗಿ. ಚಿನ್ನದ ಸಾಲ 4 ಲಕ್ಷ (ಬಡ್ಡಿ 12%), ಕಾರು ಸಾಲ 6 ಲಕ್ಷ (9.5%), ಬ್ಯಾಂಕಿನಲ್ಲಿ ಬೆಳೆ ಸಾಲ 3 ಲಕ್ಷ. ಮಗಳು ಸೆಕೆಂಡ್ ಪಿಯುಸಿ, ಮಗ ಎಂಟನೇ ಕ್ಲಾಸು. ತಂದೆಗೆ 71, ಬಿಪಿ-ಶುಗರ್ ಇದೆ. ತೋಟದ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇದೆ. ಕಾಫಿ ಬಿಲ್ಲು ಮಾತ್ರ ನನ್ನ ಹೆಸರಲ್ಲಿ ಆಗುತ್ತದೆ. ತಂಗಿಯನ್ನು ಚಿಕ್ಕಮಗಳೂರಿಗೆ ಕೊಟ್ಟಿದ್ದೇವೆ. ಸ್ನೇಹಿತರು ಹಾಸನದಲ್ಲಿ ಸೈಟ್ ತಗೊಳ್ಳಿ ಅನ್ನುತ್ತಾರೆ. ಷಡ್ಡಕ ಒಂದೇ ಕಂತಿನ ಯುಲಿಪ್ (ವಿಮೆ, ಹೂಡಿಕೆ ಎರಡೂ ಸೇರಿದ) ಪಾಲಿಸಿ ಮಾಡಿಸಿ ಅಂತ ಬೆನ್ನು ಬಿದ್ದಿದ್ದಾನೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವುದು) ಅನ್ನುತ್ತಾನೆ. ನಮ್ಮ ಮನೆಯವರಿಗೆ ಅಂಗಡಿಯಲ್ಲೇ ನಮ್ಮ ತೋಟದ ಕಾಫಿಪುಡಿ ಮಾರುವ ಆಸೆ. ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ದುಡ್ಡನ್ನು ಎಲ್ಲಿ ಹಾಕಬೇಕು ಅಂತ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಇದು ಎಷ್ಟು ವರ್ಷದ ದುಡ್ಡು ಅಂತ ತೀರ್ಮಾನ ಆಗಬೇಕು. ನಿಮ್ಮ ಪತ್ರ ಓದಿದರೆ ಎರಡು ವರ್ಷದ ದುಡ್ಡು ಅನ್ನಿಸುತ್ತದೆ. ನನ್ನ ಲೆಕ್ಕದಲ್ಲಿ ಇದು ಕಡಿಮೆ ಅಂದರೂ ಐದು ವರ್ಷದ ದುಡ್ಡು.

ನಿಮ್ಮ ತಂದೆಯವರನ್ನು ಕೇಳಿ ನೋಡಿ, ಪೂಲ್ ಕಾಲ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಆಗ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಕೊಡಬೇಕಿತ್ತು. ಬೋರ್ಡು ಮಾರಾಟ ಮಾಡಿ ಕಂತು ಕಂತಾಗಿ ದುಡ್ಡು ಕೊಡುತ್ತಿತ್ತು. ಈ ವರ್ಷ ಕೊಟ್ಟ ಕಾಫಿಯ ಕೊನೆ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣಕ್ಕೆ ಬಂದಿರುತ್ತಿತ್ತು. ಬೆಳೆಗಾರರು ಬೈಯುತ್ತಿದ್ದರು, ಬೈಯುವುದಕ್ಕೆ ಕಾರಣವೂ ಇತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಎಲ್ಲರಿಗೂ ಮುಕ್ತ ಮಾರಾಟ ಬಂತು. ಬೆಲೆ ನಮ್ಮ ಕೈಗೆ ಬಂತು. ಆದರೆ ಪೂಲ್ ಜೊತೆಗೆ ಇನ್ನೊಂದು ವಿಷಯವೂ ಹೋಯಿತು, ಅದನ್ನು ಯಾರೂ ಗಮನಿಸಲಿಲ್ಲ. ಕಂತಿನಲ್ಲಿ ಬರುತ್ತಿದ್ದ ದುಡ್ಡು ನಮಗೆ ಗೊತ್ತಿಲ್ಲದೆಯೇ ಒಂದು ವರ್ಷದ್ದನ್ನು ಮುಂದಿನ ವರ್ಷಕ್ಕೆ ದಾಟಿಸುತ್ತಿತ್ತು. ಈಗ ಆ ಕೆಲಸವನ್ನು ನೀವೇ ಮಾಡಬೇಕು.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತಲ್ಲ, ಆಗ ನಮ್ಮಪ್ಪ ಒಂದು ಜೀಪು ತಗೊಂಡರು. ಪಕ್ಕದ ನಾಲ್ಕು ಎಕರೆಯನ್ನು ಸಾಲ ಮಾಡಿ ಸೇರಿಸಿಕೊಂಡರು. ತಪ್ಪು ಅಂತ ಆಗ ಯಾರಿಗೂ ಅನ್ನಿಸಲಿಲ್ಲ. 2001ರ ಹೊತ್ತಿಗೆ ವಿಯೆಟ್ನಾಂ ಕಾಫಿ ತುಂಬಿ ಹರಿದು ಬೆಲೆ ಎಷ್ಟು ಬಿತ್ತೆಂದರೆ, ಹಣ್ಣು ಕುಯ್ಯಿಸುವ ಕೂಲಿಯೇ ಹುಟ್ಟುವುದಿಲ್ಲ ಅಂತ ತೋಟದ ಒಂದು ತುಂಡಿನಲ್ಲಿ ಹಣ್ಣನ್ನು ಗಿಡದಲ್ಲೇ ಬಿಟ್ಟರು. ಮೊದಲು ಜೀಪು ಹೋಯಿತು. ಆಮೇಲೆ ಆ ನಾಲ್ಕು ಎಕರೆ. ಅಮ್ಮನ ಎರಡೆಳೆ ಸರ ಅಡವಿಟ್ಟಲ್ಲೇ ಉಳಿಯಿತು. ಆ ಸರ ಇದ್ದ ಕೆಂಪು ಡಬ್ಬಿ ಈಗಲೂ ಬೀರುವಿನಲ್ಲಿದೆ, ಒಳಗೆ ಬ್ಯಾಂಕಿನ ಹಳೇ ಚೀಟಿಗಳು ಮಾತ್ರ.

ಅಂಕಿಯಲ್ಲೇ ನೋಡಬೇಕೆಂದರೆ, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಅದೇ ಮಾರುಕಟ್ಟೆಯಲ್ಲಿ 2001ರ ಕೊನೆಗೆ ಅರ್ಧ ಡಾಲರ್ ಕೂಡ ಇರಲಿಲ್ಲ. ಮತ್ತೆ ಅಷ್ಟು ಕೆಳಗೆ ಬೀಳುತ್ತದೆ ಅಂತ ನಾನು ಹೇಳುತ್ತಿಲ್ಲ. ಬ್ರೆಜಿಲ್‌ನ ಬರ, ವಿಯೆಟ್ನಾಂನ ಮಳೆ ಮೇಲೆ ನಿಂತಿರುವ ಬೆಲೆಯನ್ನು ನಂಬಿ ಹತ್ತು ವರ್ಷದ ಇಎಂಐ ಹಾಕಿಕೊಳ್ಳಬೇಡಿ ಅಂತ ಮಾತ್ರ ಹೇಳುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ನಿಲ್ಲಿಸಿತು. "ಅಂಗಡಿಯಲ್ಲಿ ತಿಂಗಳಿಗೆ 40 ಸಾವಿರ ಉಳಿಯುತ್ತದೆ." ತೋಟ ಕೈಕೊಟ್ಟರೆ ಅಂಗಡಿ ಇದೆಯಲ್ಲ ಅನ್ನುವ ಧೈರ್ಯ ಅದರಲ್ಲಿದೆ. ಸ್ವಲ್ಪ ಯೋಚನೆ ಮಾಡಿ, ನಿಮ್ಮ ಅಂಗಡಿಗೆ ಬರುವವರು ಯಾರು? ಯೂರಿಯಾ, ಪೊಟ್ಯಾಷ್, ಮೈಲುತುತ್ತ, ಪೈಪು, ಕತ್ತಿ ತಗೊಳ್ಳುವವರು ಯಾರು? ಎಲ್ಲ ನಿಮ್ಮಂಥ ಬೆಳೆಗಾರರೇ. ಕುಯ್ಲು ಮುಗಿದ ಮೇಲೆ ಕೊಡ್ತೀನಿ ಅಂತ ಉದ್ರಿ ಬರೆಸುವವರೂ ಅವರೇ. ಕಾಫಿ ಬೆಲೆ ಬಿದ್ದ ವರ್ಷ ನಿಮ್ಮ ತೋಟದ ಆದಾಯವೂ ಬೀಳುತ್ತದೆ, ಅಂಗಡಿಯ ವ್ಯಾಪಾರವೂ ಬೀಳುತ್ತದೆ, ಉದ್ರಿಯೂ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎರಡು ಆದಾಯ. ಬೇರು ಒಂದೇ. ಹಾಗಾಗಿ ಅಂಗಡಿ ಇದೆ ಅಂತ ಮೀಸಲು ದುಡ್ಡು ಕಡಿಮೆ ಇಡುವ ಹಾಗಿಲ್ಲ.

ಈಗ 40 ಲಕ್ಷವನ್ನು ಬಿಡಿಸೋಣ.

ಮೊದಲು ಸಾಲ. ಚಿನ್ನದ ಸಾಲ ಈ ವಾರವೇ ತೀರಿಸಿ. 12% ಬಡ್ಡಿ ಕಟ್ಟುತ್ತಾ ಎಸ್‌ಬಿ ಖಾತೆಯಲ್ಲಿ ಪುಡಿಗಾಸು ಬಡ್ಡಿಗೆ ದುಡ್ಡು ಇಟ್ಟುಕೊಂಡಿರುವುದು ತೂತಿರುವ ಡ್ರಮ್ಮಿಗೆ ನೀರು ಹೊಯ್ದ ಹಾಗೆ. ಕಾರು ಸಾಲವನ್ನೂ ತೀರಿಸಿ. 9.5% ಸಾಲ ತೀರಿಸುವುದು ಅಂದರೆ 9.5% ಖಚಿತ ಲಾಭ, ಅಷ್ಟು ಕೊಡುವ ಎಫ್‌ಡಿ ಯಾವ ಒಳ್ಳೆ ಬ್ಯಾಂಕಲ್ಲೂ ಇಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಎಷ್ಟು ಅಂತ ಮಾತ್ರ ಕೇಳಿಕೊಳ್ಳಿ. ಸಾಲ ತೀರಿದ ಮೇಲೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸುವುದು ಮರೆಯಬೇಡಿ. ಎಷ್ಟೋ ಜನರಿಗೆ ಅದು ನೆನಪಾಗುವುದು ಗಾಡಿ ಮಾರುವ ದಿನ.

ಬೆಳೆ ಸಾಲ ಇರಲಿ. ಆಶ್ಚರ್ಯ ಆಯ್ತಾ? ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ 3 ಲಕ್ಷದವರೆಗೆ 7% ಬಡ್ಡಿ. ಸಮಯಕ್ಕೆ ಸರಿಯಾಗಿ ಕಟ್ಟಿದರೆ ಕೇಂದ್ರದ ರಿಯಾಯಿತಿಯಿಂದ ಅದು 4%ಕ್ಕೆ ಇಳಿಯುತ್ತದೆ. ನಿಮ್ಮ ಸಾಲ ಆ ರಿಯಾಯಿತಿಯಲ್ಲೇ ಇದೆಯಾ ಅಂತ ಬ್ಯಾಂಕಿನಲ್ಲಿ ಕೇಳಿ. ಇದ್ದರೆ ವರ್ಷಕ್ಕೊಮ್ಮೆ ಗಡುವಿಗೆ ಮೊದಲೇ ಕಟ್ಟಿ ಮತ್ತೆ ತೆಗೆದುಕೊಳ್ಳಿ. ಗಡುವು ಒಂದು ದಿನ ತಪ್ಪಿದರೂ ಆ 3% ಹೋಯಿತು.

ಸಾಲಕ್ಕೆ 10 ಲಕ್ಷ ಹೋಯಿತು, ಉಳಿದದ್ದು 30.

ಇದರಲ್ಲಿ 13 ಲಕ್ಷ ನಿಮ್ಮ ಸ್ವಂತ ಪೂಲ್. ಲೆಕ್ಕ ಸುಲಭ. ತೋಟದ ಒಂದು ವರ್ಷದ ಖರ್ಚು 7 ಲಕ್ಷ, ಮನೆಯದು 5.4 ಲಕ್ಷ. ಒಂದು ಇಡೀ ವರ್ಷ ಕಾಫಿಯಿಂದಲೂ ಅಂಗಡಿಯಿಂದಲೂ ಒಂದು ರೂಪಾಯಿ ಬರಲಿಲ್ಲ ಅಂದುಕೊಳ್ಳಿ, ಆಗಲೂ ಗೊಬ್ಬರ ನಿಲ್ಲಬಾರದು, ಮನೆ ನಿಲ್ಲಬಾರದು. ಕೆಟ್ಟ ವರ್ಷದಲ್ಲಿ ಜನ ಮಾಡುವ ದೊಡ್ಡ ತಪ್ಪು ಗೊಬ್ಬರ ನಿಲ್ಲಿಸುವುದು. ಗಿಡ ಸೊರಗುತ್ತದೆ. ಬೆಲೆ ಏರುವ ವರ್ಷಕ್ಕೆ ಫಸಲೇ ಇರುವುದಿಲ್ಲ.

ಈ 13 ಲಕ್ಷವನ್ನು ಒಂದೇ ಎಫ್‌ಡಿ ಮಾಡಿಸಬೇಡಿ. ತೋಟದ ಕೆಲಸಕ್ಕೆ ಹೊಂದಿಸಿ ಒಡೆಯಿರಿ. ಮಳೆಗೆ ಮೊದಲು ಮರಗಸಿ (ನೆರಳಿನ ಮರದ ಕೊಂಬೆ ಕಡಿಸುವುದು), ಗೊಬ್ಬರ, ಬೋರ್ಡೋ ಸ್ಪ್ರೇಗೆ ದುಡ್ಡು ಬೇಕಲ್ಲ, ಅದಕ್ಕೆ ಮೇ ತಿಂಗಳಲ್ಲಿ ಒಂದು ಎಫ್‌ಡಿ ಕೈಗೆ ಬರಲಿ. ಮಳೆ ನಿಂತ ಮೇಲಿನ ಗೊಬ್ಬರಕ್ಕೆ, ಕಳೆಗೆ ಸೆಪ್ಟೆಂಬರಿನಲ್ಲಿ ಇನ್ನೊಂದು. ಕುಯ್ಲಿನ ಆಳುಗಳಿಗೆ ಡಿಸೆಂಬರಿನಲ್ಲಿ ಒಂದು. ಬೇಡವಾದರೆ ಅದನ್ನೇ ಮತ್ತೆ ಒಂದು ವರ್ಷಕ್ಕೆ ಮುಂದುವರಿಸಿ. ಡಿಸೆಂಬರಿನ ಎಫ್‌ಡಿಗೆ ಇನ್ನೊಂದು ಉಪಯೋಗ ಇದೆ. ಕುಯ್ಲಿನ ಕೂಲಿಗೆ ದುಡ್ಡಿಲ್ಲ ಅಂತ ವ್ಯಾಪಾರಿಯ ಹತ್ತಿರ ಅಡ್ವಾನ್ಸ್ ತಗೊಂಡವರು ಅವನು ಹೇಳಿದ ಬೆಲೆಗೆ, ಅವನು ಹಾಕಿದ ಓಟಿಗೆ (ಮೂಟೆಗೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕಕ್ಕೆ) ತಲೆ ಆಡಿಸಬೇಕಾಗುತ್ತದೆ. ಕೈಯಲ್ಲಿ ದುಡ್ಡಿದ್ದರೆ ಚೆರಿ (ಒಣಗಿಸಿದ ಕಾಫಿ ಹಣ್ಣು) ಗೋಡೌನಿನಲ್ಲಿ ಎರಡು ತಿಂಗಳು ಕೂತರೂ ನಿಮಗೆ ಚಿಂತೆ ಇಲ್ಲ.

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವ ಹಾಗೆ ನಮ್ಮ ಕಡೆ ದುಡ್ಡಿನ ಬಾಗಿಲೂ ವರ್ಷಕ್ಕೊಮ್ಮೆ ತೆರೆಯುವುದು. ನಿಮ್ಮ ಚಿಕ್ಕಪ್ಪನ ಮಗನಿಗೆ ಅದು ತಿಂಗಳು ತಿಂಗಳು ತೆರೆಯುತ್ತದೆ. ಅವನಿಗೆ ಸರಿಹೋಗುವ ಲೆಕ್ಕ ನಿಮಗೆ ಹಾಗೆ ಹಾಗೇ ಸರಿಹೋಗುವುದಿಲ್ಲ. ಹಾಗಂತ ಅವನು ಹೇಳುವುದು ಪೂರ್ತಿ ತಪ್ಪೂ ಅಲ್ಲ. ಅವನ ಹಾಗೆ ನೀವೂ ಒಂದು ಸಂಬಳ ಇಟ್ಟುಕೊಳ್ಳಿ. ಪ್ರತಿ ತಿಂಗಳು ಒಂದನೇ ತಾರೀಕು 45 ಸಾವಿರ ಮನೆ ಖಾತೆಗೆ ಹೋಗಲಿ. ಅಂಗಡಿಯಿಂದ 40, ಪೂಲಿನ ಬಡ್ಡಿಯಿಂದ ಉಳಿದ 5. ಆಮೇಲೆ ಗಲ್ಲಾ ಪೆಟ್ಟಿಗೆಗೆ ಯಾರೂ ಕೈ ಹಾಕಬಾರದು, ನೀವೂ ಸೇರಿ.

ಈ ಗಲ್ಲಾ ವಿಷಯಕ್ಕೆ ಒಂದು ನಿಮಿಷ ನಿಲ್ಲುತ್ತೇನೆ. ನನ್ನ ಹತ್ತಿರ ಬರುವ ಅಂಗಡಿಯವರಲ್ಲಿ ಹತ್ತಕ್ಕೆ ಎಂಟು ಜನ "ಲಾಭ ಇದೆ ಸಾರ್, ಆದ್ರೆ ದುಡ್ಡು ಕಾಣಲ್ಲ" ಅನ್ನುತ್ತಾರೆ. ಒಬ್ಬರಿಗೆ ಒಂದು ಚಿಕ್ಕ ನೋಟ್‌ಬುಕ್ ಕೊಟ್ಟು, ಗಲ್ಲಾದಿಂದ ತೆಗೆದದ್ದನ್ನೆಲ್ಲ ಒಂದು ತಿಂಗಳು ಬರೆಯಿರಿ ಅಂದೆ. ಮೀನು 400, ಮಗಳ ಜೆರಾಕ್ಸ್ 60, ದೇವಸ್ಥಾನದ ಚಂದಾ 1,001, ಲೈನ್ ಮನೆಯ ಆಳುಗಳಿಗೆ ಸಂತೆ ಅಡ್ವಾನ್ಸ್ 3,000, ಭಾವನಿಗೆ ಪೆಟ್ರೋಲ್ 500. ತಿಂಗಳ ಕೊನೆಗೆ 23 ಸಾವಿರ. ಅದರಲ್ಲಿ ಅಂಗಡಿಗೆ ಸೇರಿದ್ದು ಒಂದು ಸಾಲೂ ಇರಲಿಲ್ಲ. ತೋಟದ ಕೂಲಿ ಅಂಗಡಿ ದುಡ್ಡಲ್ಲಿ, ಅಂಗಡಿ ಸ್ಟಾಕು ಕಾಫಿ ದುಡ್ಡಲ್ಲಿ ಹೋಗುತ್ತಿದ್ದರೆ ಯಾವುದು ಗೆಲ್ಲುತ್ತಿದೆ, ಯಾವುದು ಸೋಲುತ್ತಿದೆ ಅಂತ ಎಂದಿಗೂ ಗೊತ್ತಾಗುವುದಿಲ್ಲ. ತೋಟಕ್ಕೆ ಒಂದು ಖಾತೆ, ಅಂಗಡಿಗೆ ಒಂದು, ಮನೆಗೆ ಒಂದು. ಈ ವಾರವೇ ಮಾಡಿ.

ಈಗ ಆ ಸೌಹಾರ್ದದ 12 ಲಕ್ಷ. ಬಡ್ಡಿ ಒಂದೆರಡು ಪೈಸೆ ಜಾಸ್ತಿ, ಮ್ಯಾನೇಜರ್ ಪರಿಚಯದವರು, ಹೋದರೆ ಕಾಫಿ ಕೊಡುತ್ತಾರೆ. ಎಲ್ಲ ನಿಜ. ಆದರೆ ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಯಿಂದ ಈ ಮಿತಿ ಬಂದದ್ದು. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಸಹಕಾರ ಸಂಘ, ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಬೋರ್ಡಿನ ಮೇಲೆ ಬ್ಯಾಂಕಿನಂತೆಯೇ ಬರೆದಿರುತ್ತಾರೆ, ಕೌಂಟರ್ ಬ್ಯಾಂಕಿನಂತೆಯೇ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಬಾಗಿಲು ಮುಚ್ಚಿದ ದಿನ. ನಮ್ಮ ಚಿಕ್ಕಮ್ಮ ನಿವೃತ್ತಿಯ ದುಡ್ಡನ್ನು ಇಂಥದ್ದೇ ಒಂದರಲ್ಲಿ ಇಟ್ಟು ಆರು ವರ್ಷ ಓಡಾಡಿದರು. ಅರ್ಧ ಬಂತು.

ನಿಮ್ಮದು ಹಾಗೇ ಆಗುತ್ತದೆ ಅಂತಲ್ಲ. ಒಳ್ಳೆಯ ಸಂಘಗಳು ಬೇಕಾದಷ್ಟಿವೆ. ಆದರೂ ಮೊದಲ ಠೇವಣಿ ಅವಧಿ ಮುಗಿದ ತಕ್ಷಣ ತೆಗೆಯಿರಿ. ಎರಡನೆಯದನ್ನು ಸ್ವಲ್ಪ ಬಡ್ಡಿ ಬಿಟ್ಟಾದರೂ ಮುಂಚೆಯೇ ಮುರಿಸಿ. ಪರಿಚಯಕ್ಕೆ ಬೇಕಿದ್ದರೆ ಒಂದು ಲಕ್ಷ ಬಿಡಿ. ಬ್ಯಾಂಕಿನ ದುಡ್ಡನ್ನೂ ಎರಡು ಮೂರು ಬ್ಯಾಂಕಿಗೆ ಹಂಚಿ.

ಮಗಳಿಗೆ 8 ಲಕ್ಷ. ಸಿಇಟಿ, ನೀಟ್ ಯಾವುದು ಬರೆದರೂ ಮುಂದಿನ ನಾಲ್ಕೈದು ವರ್ಷ ಜೂನ್-ಜುಲೈನಲ್ಲಿ ಫೀಸು, ಹಾಸ್ಟೆಲ್ಲು ಬಂದೇ ಬರುತ್ತದೆ. ಎರಡು ಎರಡು ಲಕ್ಷದ ನಾಲ್ಕು ಎಫ್‌ಡಿ ಮಾಡಿಸಿ, ಒಂದೊಂದು ವರ್ಷ ಬಿಟ್ಟು ಮೇ ಕೊನೆಗೆ ಕೈಗೆ ಬರುವ ಹಾಗೆ. ಈ ದುಡ್ಡು ಷೇರಿಗೆ ಬೇಡ. 2020ರ ಜನವರಿಯಿಂದ ಮಾರ್ಚ್ ಒಳಗೆ ಮಾರುಕಟ್ಟೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿತ್ತು. ಆಮೇಲೆ ಎದ್ದಿತು, ಸರಿ. ಫೀಸಿನ ಕೊನೆ ದಿನಾಂಕ ಅಲ್ಲಿವರೆಗೂ ಕಾಯುವುದಿಲ್ಲ. ಮೆಡಿಕಲ್ಲೇ ಆಗಿ ಸರ್ಕಾರಿ ಸೀಟು ಸಿಗದಿದ್ದರೆ 8 ಲಕ್ಷ ಸಾಲದು. ಆಗ ಶಿಕ್ಷಣ ಸಾಲ ತೆಗೆದುಕೊಳ್ಳಿ, ಪೂಲ್ ಮುಟ್ಟಬೇಡಿ.

ಮಗನಿಗೆ ಇನ್ನೂ ನಾಲ್ಕೈದು ವರ್ಷ ಇದೆ. ಅವನದು ಮುಂದಿನ ಬೆಳೆಯಿಂದ ಶುರುವಾಗಲಿ.

ವಿಮೆ. ನಿಮ್ಮ ಷಡ್ಡಕನಿಗೆ ಬೇಜಾರಾಗುತ್ತದೆ, ಆದರೂ ಹೇಳಲೇಬೇಕು. ಒಂದೇ ಕಂತಿನ ಯುಲಿಪ್ ನಿಮಗೆ ಬೇಡ. ಅದರಲ್ಲಿ ವಿಮೆಯೂ ಅರೆಬರೆ, ಹೂಡಿಕೆಯೂ ಅರೆಬರೆ, ಐದು ವರ್ಷ ದುಡ್ಡು ಅಲ್ಲಾಡುವುದಿಲ್ಲ. ನಿಮಗೆ ಬೇಕಿರುವುದು ಸಾದಾ ಟರ್ಮ್ ಪಾಲಿಸಿ (ಅವಧಿಯೊಳಗೆ ತೀರಿಕೊಂಡರೆ ಮಾತ್ರ ಮನೆಯವರಿಗೆ ದುಡ್ಡು ಬರುವಂಥದ್ದು), ಒಂದು ಕೋಟಿಯದು. ಒಂದು ಕೋಟಿ ಯಾಕೆ ಅಂದರೆ, 6.5% ಬಡ್ಡಿಗೆ ಇಟ್ಟರೆ ವರ್ಷಕ್ಕೆ 6.5 ಲಕ್ಷ ಬರುತ್ತದೆ, ನಿಮ್ಮ ಮನೆ ಖರ್ಚು 5.4 ಲಕ್ಷ. ನೀವಿಲ್ಲದಿದ್ದರೂ ಮನೆ ನಡೆಯುತ್ತದೆ, ಯಾರೂ ತೋಟ ಮಾರುವ ಮಾತು ಆಡುವುದಿಲ್ಲ. ಸಿಗರೇಟು, ಕುಡಿತ, ಶುಗರ್ ಏನಿದ್ದರೂ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಷಡ್ಡಕನ ಕೈಯಲ್ಲೇ ಟರ್ಮ್ ಪಾಲಿಸಿ ಮಾಡಿಸಿ, ಸಂಬಂಧವೂ ಉಳಿಯಲಿ. ಮುಲಾಜಿಗೆ ಬಿದ್ದು ಯುಲಿಪ್‌ಗೆ ಸಹಿ ಹಾಕಿಬಿಟ್ಟಿದ್ದರೆ, ಪಾಲಿಸಿ ಪತ್ರ ಕೈಗೆ ಬಂದು 30 ದಿನದೊಳಗೆ ವಾಪಸ್ ಕೊಡಬಹುದು.

ಆರೋಗ್ಯ ವಿಮೆ ನಿಮ್ಮ ನಾಲ್ಕು ಜನಕ್ಕೆ ಒಂದು, ಅಪ್ಪ-ಅಮ್ಮನಿಗೆ ಬೇರೆ. ಒಂದರಲ್ಲೇ ಎಲ್ಲರನ್ನೂ ಸೇರಿಸಿದರೆ ತಂದೆಯವರ ವಯಸ್ಸಿನ ಮೇಲೆ ಎಲ್ಲರ ಕಂತೂ ಏರುತ್ತದೆ. ಅವರ ಬಿಪಿ-ಶುಗರಿಗೆ ಸಂಬಂಧಪಟ್ಟ ಖರ್ಚಿಗೆ ಗರಿಷ್ಠ ಮೂರು ವರ್ಷ ಕಾಯಿಸಬಹುದು, ಅದಕ್ಕೆ ಈಗಲೇ ಶುರು ಮಾಡುವುದು ಒಳ್ಳೆಯದು. ಹಾಸನದಲ್ಲೂ ಮಂಗಳೂರಿನಲ್ಲೂ ಕ್ಯಾಶ್‌ಲೆಸ್ ಆಸ್ಪತ್ರೆ ಇರಲಿ. ಶಿರಾಡಿ ಘಾಟಿ ಕುಸಿದ ವಾರ ಮಂಗಳೂರಿನ ಆಸ್ಪತ್ರೆ ಪಟ್ಟಿ ಇಟ್ಟುಕೊಂಡು ಏನು ಮಾಡುತ್ತೀರಿ? ಹಳ್ಳಿಯ ಸಹಕಾರ ಸಂಘದಲ್ಲಿ ಸದಸ್ಯರಾಗಿದ್ದರೆ ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆಗೂ ಸೇರಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಎರಡಕ್ಕೂ ಜಿಎಸ್‌ಟಿ ಇಲ್ಲ, ಹಾಗಾಗಿ ಹಳೇ ಕೊಟೇಶನ್ ನೋಡಿ ಹೆದರಬೇಡಿ. ಎಲ್ಲಕ್ಕೂ ಸೇರಿ ಮೊದಲ ವರ್ಷಕ್ಕೆ ಒಂದೂವರೆ ಲಕ್ಷ ತೆಗೆದಿಡಿ.

ಇಲ್ಲಿಗೆ ಉಳಿದದ್ದು ಏಳೂವರೆ ಲಕ್ಷ. ನೀವು ಕೇಳದೇ ಇದ್ದ ಒಂದು ಹೂಡಿಕೆಗೆ ಇದರಲ್ಲಿ 3 ಲಕ್ಷ ಹೋಗಲಿ. ನಿಮ್ಮದು ರೋಬಸ್ಟಾ. ಮಾರ್ಚಿನಲ್ಲಿ ಹೂ ಅರಳಿಸುವ ಹೂಮಳೆ ಬರಲಿಲ್ಲ, ಬಂದ ಮೇಲೆ ಅದರ ಬೆನ್ನಿಗೆ ಬರಬೇಕಾದ ಇನ್ನೊಂದು ಮಳೆ ಬರಲಿಲ್ಲ ಅಂದರೆ ಫಸಲು ಕಥೆ ಮುಗಿಯಿತು. ಸ್ಪ್ರಿಂಕ್ಲರ್ ಇದೆಯಾ, ಕೆರೆಯಲ್ಲಿ ಮಾರ್ಚಿನವರೆಗೆ ನೀರು ನಿಲ್ಲುತ್ತದಾ ಅಂತ ನೀವು ಬರೆದಿಲ್ಲ. ಇಲ್ಲದಿದ್ದರೆ ಕೆರೆ ಹೂಳು ತೆಗೆಸುವುದು, ಪೈಪು, ಮೋಟರು ಇವೇ ನಿಮ್ಮ ಮೊದಲ ಮ್ಯೂಚುವಲ್ ಫಂಡ್. ಕಾಫಿ ಬೋರ್ಡಿನ ಲೈಸನ್ ಆಫೀಸಿನಲ್ಲಿ ಸಹಾಯಧನ ಕೇಳಿ, ಕೆಲಸ ಶುರು ಮಾಡುವ ಮೊದಲೇ ಕೇಳಿ. ಎಲ್ಲ ಮುಗಿಸಿ ಬಿಲ್ಲು ಹಿಡಿದು ಹೋದರೆ ಪ್ರಯೋಜನ ಇಲ್ಲ. ಸ್ಪ್ರಿಂಕ್ಲರ್ ಈಗಾಗಲೇ ಇದ್ದರೆ ಈ 3 ಲಕ್ಷ ಮಗನ ಲೆಕ್ಕಕ್ಕೆ.

ಕೊನೆಯ ನಾಲ್ಕೂವರೆ ಲಕ್ಷ ನಿಮ್ಮ ವಯಸ್ಸಾದ ಕಾಲಕ್ಕೆ. ಅಂಗಡಿಯವನಿಗೂ ಬೆಳೆಗಾರನಿಗೂ ಪೆನ್ಶನ್ ಇಲ್ಲ. ಇದನ್ನು ಒಂದು ಲಿಕ್ವಿಡ್ ಫಂಡಿನಲ್ಲಿ (ಬೇಕಾದಾಗ ತೆಗೆಯಬಹುದಾದ, ಏರಿಳಿತ ಕಡಿಮೆ ಇರುವ ಫಂಡು) ಇಟ್ಟು, ತಿಂಗಳಿಗೆ 25 ಸಾವಿರದಂತೆ 18 ತಿಂಗಳು ನಿಫ್ಟಿ ಇಂಡೆಕ್ಸ್ ಫಂಡಿಗೆ (ದೇಶದ 50 ದೊಡ್ಡ ಕಂಪನಿಗಳ ಷೇರಿನ ಫಂಡು) ದಾಟಿಸಿ. ಇದಕ್ಕೆ ಎಸ್‌ಟಿಪಿ ಅನ್ನುತ್ತಾರೆ. ಎಸ್‌ಐಪಿಯ ತಮ್ಮ ಅಂದುಕೊಳ್ಳಿ, ವರ್ಷಕ್ಕೊಮ್ಮೆ ದುಡ್ಡು ನೋಡುವವರಿಗೆ ಇದೇ ಸರಿ. ಏಜೆಂಟ್ ಇಲ್ಲದ ಡೈರೆಕ್ಟ್ ಪ್ಲಾನ್ ತೆಗೆದುಕೊಳ್ಳಿ, ಕಮಿಷನ್ ಉಳಿಯುತ್ತದೆ. ಹತ್ತು ವರ್ಷ ಮುಟ್ಟುವುದಿಲ್ಲ ಅನ್ನುವ ಧೈರ್ಯ ಇದ್ದರೆ ಮಾತ್ರ. 2008ರಲ್ಲಿ ನಿಫ್ಟಿ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಅಂಥ ವರ್ಷ ಬಂದಾಗ ಮಾರಿಬಿಡುವವರು ಸರ್ಕಾರದ 15 ವರ್ಷದ ಉಳಿತಾಯ ಯೋಜನೆ ಪಿಪಿಎಫ್‌ನಲ್ಲಿ ನೆಮ್ಮದಿಯಾಗಿರಬಹುದು. 2020ರ ಏಪ್ರಿಲ್‌ನಿಂದ ಅದರ ಬಡ್ಡಿ 7.1%, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, ಬಡ್ಡಿಗೆ ತೆರಿಗೆ ಇಲ್ಲ. 43ಕ್ಕೆ ತೆರೆದರೆ 58-59ಕ್ಕೆ ಕೈಗೆ. ಅಂಗಡಿ ಮಗನಿಗೆ ಬಿಟ್ಟುಕೊಡುವ ವಯಸ್ಸು, ಅಲ್ವಾ?

ಈಗ ಸೈಟು. 40 ಲಕ್ಷದಲ್ಲಿ ಸೈಟಿಗೆ ಜಾಗವೇ ಇಲ್ಲ ಅಂತ ಇಷ್ಟರಲ್ಲಿ ನಿಮಗೆ ಗೊತ್ತಾಗಿರುತ್ತದೆ. ಇದು ಬೇಕೆಂದೇ. ನಿಮ್ಮ ಆಸ್ತಿಯಲ್ಲಿ ಒಂಬತ್ತು ಎಕರೆ ಭೂಮಿ, ಮನೆ, ಅಂಗಡಿ ಈಗಾಗಲೇ ಇವೆ. ಎಲ್ಲವೂ ಮಣ್ಣಿನಲ್ಲೇ. ಮಗಳ ಫೀಸಿಗೆ ಸೈಟಿನ ಒಂದು ಮೂಲೆ ಕತ್ತರಿಸಿ ಮಾರೋಕಾಗಲ್ಲ. ಮೇಲಾಗಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2%ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಬೇರೆ. ಕೊಂಡ ದಿನವೇ ನಿಮ್ಮ ದುಡ್ಡು ಅಷ್ಟು ಹಿಂದೆ ಬೀಳುತ್ತದೆ. ಹಾಸನದಲ್ಲಿ ಮುಂದೆ ಮನೆ ಕಟ್ಟಿ ಇರುವ ಯೋಚನೆ ಇದ್ದರೆ ಮಾತು ಬೇರೆ. ಆಗಲೂ ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಇ-ಖಾತಾ, ಇಸಿ (ಋಣಭಾರ ಪತ್ರ) ಇವಿಷ್ಟೂ ಕೈಯಲ್ಲಿ ಹಿಡಿದು ನೋಡದೆ ಅಡ್ವಾನ್ಸ್ ಕೊಡಬೇಡಿ. "ರೆವಿನ್ಯೂ ಸೈಟು, ಮುಂದೆ ಸಕ್ರಮ ಆಗುತ್ತೆ" ಅಂದವರ ಮನೆ ಕಾಫಿಯನ್ನೂ ಕುಡಿಯಬೇಡಿ.

ತೆರಿಗೆ ವಿಷಯ ನೀವು ಕೇಳಿಲ್ಲ, ಆದರೆ ಅಲ್ಲೊಂದು ಗುಂಡಿ ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಸರಿ. ಚೆರಿ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಹಾಗೆಯೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ. ಆದರೆ ಅಂಗಡಿಯ ಆದಾಯ, ಎಫ್‌ಡಿ ಬಡ್ಡಿ ಸೇರಿ ವಿನಾಯಿತಿ ಮಿತಿ ದಾಟಿದರೆ, ಯಾವ ದರ ಹಾಕಬೇಕು ಅಂತ ನೋಡಲು ಕಾಫಿ ಆದಾಯವನ್ನೂ ಜೊತೆಗೆ ಕೂಡಿಸುತ್ತಾರೆ. 2025-26ರ ಹೊಸ ಪದ್ಧತಿಯಲ್ಲಿ ನಿಮ್ಮ ಲೆಕ್ಕ ಹೀಗೆ. ಅಂಗಡಿ 4.8 ಲಕ್ಷ, ಪೂಲಿನ ಮತ್ತು ಮಗಳ 21 ಲಕ್ಷಕ್ಕೆ 6.5%ರಂತೆ ಬಡ್ಡಿ ಸುಮಾರು 1.36 ಲಕ್ಷ, ಒಟ್ಟು 6.16 ಲಕ್ಷ. ಕಾಫಿ ಇಲ್ಲದಿದ್ದರೆ ರಿಬೇಟಿಗೆ ಮೊದಲು ತೆರಿಗೆ 10,800 ಮಾತ್ರ. ಕಾಫಿ 20 ಲಕ್ಷ ಅಂತ ಕೂಡಿಸಿದರೆ ಅದೇ 6.16 ಲಕ್ಷಕ್ಕೆ 64,800 ಆಗುತ್ತದೆ. 60,000 ರಿಬೇಟ್ ಕಳೆದು 4,800 ಮತ್ತು ಸೆಸ್ ಉಳಿಯುತ್ತದೆ. ಮೊತ್ತ ಸಣ್ಣದು. ಬಡ್ಡಿ ಇನ್ನೊಂದು ಲಕ್ಷ ಜಾಸ್ತಿಯಾದರೆ ಆ ಲಕ್ಷಕ್ಕೆ 30% ಬೀಳುತ್ತದೆ, ಅದು ಸಣ್ಣದಲ್ಲ. ಕೃಷಿ ಆದಾಯ 5,000 ದಾಟಿದವರು ಸಣ್ಣ ವ್ಯಾಪಾರಿಗಳ ಸರಳ ರಿಟರ್ನ್ ಫಾರಂ ಐಟಿಆರ್-4 ಸುಗಮ್ ಹಾಕುವಂತಿಲ್ಲ, ನಿಮಗೆ ಐಟಿಆರ್-3. ಆಡಿಟರ್ ಹತ್ತಿರ ಕಾಫಿ ಬಿಲ್ಲುಗಳನ್ನೂ ಒಯ್ಯಿರಿ. "ಅದಕ್ಕೇನು ಟ್ಯಾಕ್ಸ್ ಇಲ್ವಲ್ಲ" ಅಂತ ಬಚ್ಚಿಟ್ಟರೆ, ಖಾತೆಗೆ ಬಂದ 20 ಲಕ್ಷ ಎಲ್ಲಿಂದ ಅಂತ ಇಲಾಖೆ ಕೇಳುತ್ತದೆ.

ಹೆಂಡತಿ ಹೆಸರಲ್ಲಿ ಎಫ್‌ಡಿ ಮಾಡಿಸಿದರೆ ಬಡ್ಡಿ ಮತ್ತೆ ನಿಮ್ಮ ಲೆಕ್ಕಕ್ಕೇ ಬರುತ್ತದೆ. ತಂದೆಗೆ ಕೊಟ್ಟರೆ ಬರುವುದಿಲ್ಲ. 60 ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯೂ ಇದೆ, 30 ಲಕ್ಷದವರೆಗೆ, ಐದು ವರ್ಷಕ್ಕೆ. ಚೆನ್ನಾಗಿದೆ. ಆದರೆ ಕೊಟ್ಟ ಮೇಲೆ ಅದು ಅವರ ದುಡ್ಡು. ಅವರ ನಂತರ ನಿಮ್ಮ ತಾಯಿ, ನೀವು, ತಂಗಿ ಮೂವರಿಗೂ ಸಮಪಾಲು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಕೊಡಿ.

ಈ ಮಾತು ನೇರ ಪಹಣಿಗೆ ಬರುತ್ತದೆ. ಇಷ್ಟೊತ್ತು ಬರೆದದ್ದಕ್ಕಿಂತ ಇದು ದೊಡ್ಡದು. ಅಜ್ಜನ ಹೆಸರಿನ ತೋಟಕ್ಕೆ ನೀವು ಗೊಬ್ಬರ ಹಾಕುತ್ತೀರಿ, ಕೆರೆ ತೆಗೆಸುತ್ತೀರಿ, ಸ್ಪ್ರಿಂಕ್ಲರ್ ಹಾಕಿಸುತ್ತೀರಿ. ಕಾಗದದಲ್ಲಿ ನೀವು ಯಾರೂ ಅಲ್ಲ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಯಿಸುವುದು) ಅರ್ಜಿ ಕೊಡಿ. ಅಜ್ಜನಿಗೆ ಬೇರೆ ಮಕ್ಕಳಿದ್ದರೆ ಅವರ ಹೆಸರೂ ಬರುತ್ತದೆ. ಬೆಂಗಳೂರಿನ ಆ ಎಸ್‌ಐಪಿ ತಮ್ಮನ ತಂದೆ ಅಜ್ಜನ ಮಗನೇ ಅಲ್ಲವಾ? ಹಿಂದೆ ಪಾಲಾಗಿದ್ದರೆ ಆ ಪತ್ರ ನೋಂದಣಿ ಆಗಿದೆಯಾ ಹುಡುಕಿ. ಬಾಯಿಮಾತಿನ ಪಾಲು ಎರಡು ಎಕರೆಗೆ ಎರಡು ಲಕ್ಷ ಬೆಲೆ ಇದ್ದಾಗ ನಡೆಯುತ್ತಿತ್ತು.

ತಂಗಿಯ ವಿಷಯ. "ಮದುವೆ ಮಾಡಿ ಕೊಟ್ಟಾಗಿದೆ" ಅನ್ನುವುದು ಕಾನೂನಿನಲ್ಲಿ ಉತ್ತರವಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಖಚಿತ ಮಾಡಿದೆ. ತಂದೆಯವರು ಗಟ್ಟಿಯಾಗಿರುವಾಗಲೇ, ಅವರ ಎದುರಿಗೇ, ಒಂದು ಭಾನುವಾರ ತಂಗಿಯನ್ನೂ ಭಾವನನ್ನೂ ಊಟಕ್ಕೆ ಕರೆದು ಮಾತಾಡಿ. ತೋಟ ಒಡೆಯುವುದು ಬೇಡ ಅಂದರೆ ಅವಳ ಪಾಲಿಗೆ ಬೆಲೆ ಕಟ್ಟಿ ಕಂತಿನಲ್ಲಿ ಕೊಟ್ಟು ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಸಿಕೊಳ್ಳಬಹುದು. ಸುಮ್ನೆ ಸಹಿ ಹಾಕು ಅನ್ನಬೇಡಿ. ಈ ಕಂತು ಎಷ್ಟಾಗುತ್ತದೆ ಅಂತ ಗೊತ್ತಾಗುವವರೆಗೆ ನಾನು ಮೇಲೆ ಹೇಳಿದ ನಾಲ್ಕೂವರೆ ಲಕ್ಷದ ಎಸ್‌ಟಿಪಿಯನ್ನೂ ಶುರು ಮಾಡಬೇಡಿ. ದುಡ್ಡು ಲಿಕ್ವಿಡ್ ಫಂಡಿನಲ್ಲಿ ಕೂತಿರಲಿ.

ಬ್ಯಾಂಕಿನಲ್ಲಿ ನಾಮಿನಿ ಹೆಸರು ಹಾಕಿಸಿ, 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ಕು ಜನರವರೆಗೆ ಹಾಕಬಹುದು. ಆದರೆ ನಾಮಿನಿ ದುಡ್ಡು ಪಡೆಯುವವರು ಮಾತ್ರ, ಅವರೇ ಮಾಲೀಕರಾಗುವುದಿಲ್ಲ. ನಿಮ್ಮ ಸ್ವಂತ ಸಂಪಾದನೆಗೆ ಒಂದು ವಿಲ್ ಬರೆಯಿರಿ. ಛಾಪಾ ಕಾಗದ ಬೇಡ, ಇಬ್ಬರು ಸಾಕ್ಷಿ ಸಾಕು, ನೋಂದಣಿ ಮಾಡಿಸಿದರೆ ಇನ್ನೂ ಒಳ್ಳೆಯದು.

ಉಳಿದದ್ದು ನಿಮ್ಮ ಮನೆಯವರ ಕಾಫಿಪುಡಿ. ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದ ಯೋಚನೆ ಅದೇ. ತೋಟದ ಬೆಲೆ ಬಿದ್ದ ವರ್ಷವೂ ಲೋಟದ ಕಾಫಿ ಬೆಲೆ ಇಳಿಯುವುದಿಲ್ಲವಲ್ಲ. ಸ್ವಂತ ಕಾಫಿ ಕ್ಯೂರಿಂಗ್ (ಸಿಪ್ಪೆ ತೆಗೆಸಿ ಬೀಜ ವಿಂಗಡಿಸುವುದು) ಮಾಡಿಸಿ ಮಾರಿದರೆ ಆ ಆದಾಯದ 25%, ಹುರಿದು ಪುಡಿ ಮಾಡಿ ಮಾರಿದರೆ 40% ವ್ಯಾಪಾರದ ಆದಾಯ ಅಂತ ತೆರಿಗೆ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಅದಕ್ಕೆ ಬೇರೆ ಪುಸ್ತಕ ಇಡಿ. ಆಹಾರ ಸುರಕ್ಷತಾ ನೋಂದಣಿಯೂ ಬೇಕು. ಹುರಿಯುವ ಮೆಷಿನ್ ಈಗಲೇ ತರಬೇಡಿ. ಈ ವರ್ಷ ಎರಡು ಮೂಟೆ ಮಾತ್ರ ಕ್ಯೂರಿಂಗ್‌ಗೆ ಕೊಟ್ಟು, ಹೊರಗೆ ಹುರಿಸಿ, ಕಾಲು ಕೆಜಿ ಪ್ಯಾಕೆಟ್ ಮಾಡಿ ಯೂರಿಯಾ ಮೂಟೆಯಿಂದ ದೂರ, ಗಲ್ಲಾ ಪಕ್ಕದಲ್ಲಿ ಇಡಲಿ. ಎರಡು ಮೂಟೆ ಖಾಲಿಯಾಗಲು ಎಷ್ಟು ತಿಂಗಳು ಬೇಕಾಯಿತು, ಅದರಲ್ಲಿ ಉದ್ರಿ ಎಷ್ಟು ಅಂತ ಬರೆದಿಟ್ಟು ನನಗೆ ತಿಳಿಸಿ. ಮೆಷಿನ್ ಲೆಕ್ಕ ಆಮೇಲೆ ಹಾಕೋಣ.